ಕೆರೆ ಸಭೆಗೆ ಬಂದ ಜನ ಮತ್ತೆ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಇಂಡಿ ತಾಲೂಕಿನ ಒಂದು ಹಳ್ಳಿಯವಳು. ಓದು ಮುಗಿಸಿ ಊರಲ್ಲೇ ಇದ್ದೇನೆ. ಊರ ಕೆರೆಯ ಹೂಳು ತೆಗೆಸಿ, ದಂಡೆಗೆ ಗಿಡ ನೆಡಬೇಕು ಅಂತ ಆರು ಜನ ಸೇರಿ ಯೋಜನೆ ಹಾಕಿದೆವು. ಆಮೇಲೆ ಊರವರ ಸಭೆ ಕರೆದೆವು. ಮೊದಲ ಸಭೆಗೆ ನಲವತ್ತು ಜನ ಬಂದರು. ಎರಡನೆಯದಕ್ಕೆ ಹದಿನೈದು. ಮೂರನೆಯದಕ್ಕೆ ನಾವು ಆರು ಜನ ಬಿಟ್ಟರೆ ಮೂವರು. ಕಳೆದ ಮಳೆಗಾಲದಲ್ಲಿ ಇನ್ನೂರು ಸಸಿ ನೆಟ್ಟಿದ್ದೆವು. ದೀಪಾವಳಿ ಹೊತ್ತಿಗೆ ಆಡುಗಳು ಹೆಚ್ಚುಕಡಿಮೆ ಎಲ್ಲ ತಿಂದಿದ್ದವು. ಸಭೆಯಲ್ಲಿ ಹೆಣ್ಣುಮಕ್ಕಳು ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಜನರಿಗೆ ಆಸಕ್ತಿಯೇ ಇಲ್ಲ ಅನಿಸಿಬಿಟ್ಟಿದೆ. ಊರ ಕೆಲಸಕ್ಕೆ ಊರವರನ್ನು ಸೇರಿಸಿಕೊಳ್ಳೋದು ಹೇಗೆ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಓದು ಮುಗಿಸಿ ಊರಲ್ಲೇ ಉಳಿದು ಕೆರೆಯ ಚಿಂತೆ ಮಾಡುತ್ತಿದ್ದೀರಿ. ನನಗೆ ನಿಜಕ್ಕೂ ಸಂತೋಷವಾಯಿತು. ಅದಕ್ಕೇ ಸುಮ್ನೆ ಸಮಾಧಾನದ ಮಾತು ಹೇಳದೆ ನೇರವಾಗಿ ಬರೆಯುತ್ತೇನೆ. ನಿಮ್ಮ ಜನರಿಗೆ ಆಸಕ್ತಿ ಇಲ್ಲ ಅಂತ ನನಗೆ ಅನಿಸುವುದಿಲ್ಲ. ಮೊದಲ ದಿನ ನಲವತ್ತು ಜನ ಕೆಲಸ ಬಿಟ್ಟು ಬಂದಿದ್ದಾರೆ. ಆಸಕ್ತಿ ಇಲ್ಲದವರು ಒಂದು ಸಲವೂ ಬರುತ್ತಿರಲಿಲ್ಲ. ಬಂದವರು ಮತ್ತೆ ಯಾಕೆ ಬರಲಿಲ್ಲ ಅನ್ನೋದನ್ನು ನೋಡೋಣ.

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಆರು ಜನ ಸೇರಿ ಯೋಜನೆ ಹಾಕಿದೆವು, ಆಮೇಲೆ ಸಭೆ ಕರೆದೆವು ಅಂತ ಬರೆದಿದ್ದೀರಿ. ಹೂಳು ತೆಗೆಸೋದು ಆಗಲೇ ತೀರ್ಮಾನ ಆಗಿತ್ತು. ಗಿಡ ನೆಡೋದೂ ಆಗಿತ್ತು. ಹಾಗಾದರೆ ಬಂದ ನಲವತ್ತು ಜನರಿಗೆ ತೀರ್ಮಾನ ಮಾಡೋದಕ್ಕೆ ಏನು ಉಳಿದಿತ್ತು? ಕೇಳಿಸಿಕೊಳ್ಳೋದು, ತಲೆ ಆಡಿಸೋದು, ಶ್ರಮದಾನಕ್ಕೆ ಬರೋದು. ಅಷ್ಟಕ್ಕಾಗಿ ಹೊಲದ ಕೆಲಸ ಬಿಟ್ಟು ಎರಡನೇ ಸಲ ಬರುವವರು ಕಡಿಮೆ. ಊರವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೋದನ್ನು ಬಿಟ್ಟುಬಿಡುತ್ತಾರೆ.

ಇದು ನಿಮ್ಮೊಬ್ಬರ ತಪ್ಪಲ್ಲ. ದೊಡ್ಡ ದೊಡ್ಡ ಕೆಲಸಗಳೂ ಇದೇ ಜಾಗದಲ್ಲಿ ಎಡವಿವೆ. 2009ರ ನೆರೆ ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಆಗ ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆ ಎಷ್ಟೋ ಹಳ್ಳಿಗಳು ನೀರಲ್ಲಿ ನಿಂತವು. ಆಮೇಲೆ ಸರ್ಕಾರ ದಾನಿಗಳ ಜೊತೆ ಸೇರಿ ಎತ್ತರದ ಜಾಗಗಳಲ್ಲಿ ಆಸರೆ ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ಹಣವೂ ಖರ್ಚಾಯಿತು. ಆದರೂ ಹಲವು ಕಡೆ ಮನೆಗಳು ಖಾಲಿ ಉಳಿದವು. ಮಲಪ್ರಭಾ ದಂಡೆಯ ಊರೊಂದರಲ್ಲಿ ಅಂಥ ಸಾಲು ಮನೆಗಳ ಮುಂದೆ ನಿಂತು ಒಬ್ಬ ಅಜ್ಜನನ್ನು ಕೇಳಿದ್ದೆ. ಅವರು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. "ಎತ್ತು ಎಲ್ಲಿ ಕಟ್ಟಲಿ? ಹೊಟ್ಟು ಮೇವು ಎಲ್ಲಿ ಒಟ್ಟಲಿ? ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಎಲ್ಲಿ ಮಲಗಲಿ?" ಹೊಲ ಹಳೆಯ ಊರಿನ ಹತ್ತಿರವೇ ಇತ್ತು. ದಿನಾ ಅಷ್ಟು ದೂರ ನಡೆಯಬೇಕು. ನಕ್ಷೆ ಬರೆಯುವ ಮೊದಲು ಅವರ ಪಡಸಾಲೆಯಲ್ಲಿ ಅರ್ಧ ದಿನ ಕೂತಿದ್ದರೆ ಇದೆಲ್ಲ ತಾನಾಗಿ ಗೊತ್ತಾಗುತ್ತಿತ್ತು.

1969ರಲ್ಲಿ ಶೆರಿ ಆರ್ನ್‌ಸ್ಟೈನ್ ಅನ್ನುವ ಅಮೆರಿಕದ ತಜ್ಞೆ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಜನರನ್ನು ಕೂರಿಸಿ ಒಪ್ಪಿಸುತ್ತಾರೆ ಅಷ್ಟೆ. ಮಧ್ಯದ ಮೂರರಲ್ಲಿ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಒಂದಿಬ್ಬರನ್ನು ಸಮಿತಿಗೆ ಹಾಕಿಕೊಳ್ಳುತ್ತಾರೆ. ಕೊನೆಯ ಮಾತು ಮಾತ್ರ ಬೇರೆಯವರದ್ದೇ. ಮೇಲಿನ ಮೂರರಲ್ಲಿ ತೀರ್ಮಾನದ ಅಧಿಕಾರ ಜನರ ಕೈಗೆ ಬರುತ್ತದೆ. ನಿಮ್ಮ ಸಭೆ ಮೂರನೇ ಮೆಟ್ಟಿಲಲ್ಲಿ ಇತ್ತು, ತಿಳಿಸುವ ಮೆಟ್ಟಿಲು. ತಿಳಿಸೋದು ತಪ್ಪಲ್ಲ. ಪೈಪು ಒಡೆದರೆ ರಿಪೇರಿಗೆ ಸಭೆ ಬೇಡ, ಎರಡು ದಿನ ನೀರು ಬರೋಲ್ಲ ಅಂತ ಹೇಳಿದರೆ ಸಾಕು. ಆದರೆ ತಿಳಿಸೋದಕ್ಕೆ ಕರೆದು "ನಿಮ್ಮ ಅಭಿಪ್ರಾಯ ಬೇಕು" ಅನ್ನಬಾರದು. ಯಾವ ವಿಷಯದಲ್ಲಿ ಅವರ ಮಾತು ನಡೆಯುತ್ತದೆ, ಯಾವುದರಲ್ಲಿ ನಡೆಯೋದಿಲ್ಲ ಅಂತ ಮೊದಲೇ ಹೇಳಿಬಿಡಿ. ಇಷ್ಟು ಹೇಳಿದರೆ ಅರ್ಧ ನಂಬಿಕೆ ಬಂದ ಹಾಗೆ.

ನಂಬಿಕೆಯ ವಿಷಯ ನಮ್ಮ ಭಾಗದಲ್ಲಿ ಸಣ್ಣದಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ನವನಗರ ಎದ್ದಿತು. ಕೃಷ್ಣೆಯ ಎರಡೂ ದಂಡೆಯ ಹಳ್ಳಿಗಳು ಮುಳುಗಡೆ ಆದವು. ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇಷ್ಟು ವರ್ಷಗಳಿಂದ ಹಿನ್ನೀರಿನ ಊರುಗಳ ತಲೆಯ ಮೇಲೆ ತೂಗುತ್ತಿದೆ. ಇಂಥ ಕಡೆ ಕೈಯಲ್ಲಿ ಕಾಗದ ಹಿಡಿದು ಯಾರೇ ಬಂದರೂ ಜನ ಮೊದಲು ಕೇಳುವುದು "ಇದು ಯಾಕ್ರೀ, ಸಹಿ ಯಾಕ್ರೀ?" ಅಂತ. ಅದು ಸರಿಯಾದ ಪ್ರಶ್ನೆ. ನಿಮ್ಮ ಇಂಡಿ ಕಡೆಯೂ ಬೋರ್‌ವೆಲ್ ಸಹಾಯಧನ, ಬೆಳೆ ಪರಿಹಾರ ಅಂತ ಹೆಸರು ಬರೆದುಕೊಂಡು ಹೋದವರು ಎಷ್ಟು ಜನ, ತಿರುಗಿ ಬಂದು ಏನಾಯಿತು ಅಂತ ಹೇಳಿದವರು ಎಷ್ಟು ಜನ ಅಂತ ಒಮ್ಮೆ ಹಿರಿಯರನ್ನು ಕೇಳಿ ನೋಡಿ. ನೀವು ಊರ ಮಗಳೇ ಇರಬಹುದು. ಆದರೂ ಆ ಹಳೆಯ ಲೆಕ್ಕ ನಿಮ್ಮ ಸಭೆಯಲ್ಲೂ ಕೂತಿರುತ್ತದೆ.

ಈಗ ಆಡುಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಆಡು ಕಾಯುವವರು ನಿಮ್ಮ ಸಭೆಗೆ ಬಂದಿದ್ದರಾ? ಅವರನ್ನು ಕರೆದಿದ್ದಿರಾ? ಹುನಗುಂದ ಕಡೆಯ ಒಂದು ಹಳ್ಳಿಯಲ್ಲಿ ನಾನೂ ಹೀಗೇ ಸಸಿ ಕಳೆದುಕೊಂಡೆ. ಬೇಲಿ ಹಾಕಿಸಿದೆ, ಬೇಲಿ ಮುರಿದರು. ಸಿಟ್ಟು ಬಂತು. ಕೊನೆಗೆ ಒಬ್ಬ ಕುರಿಗಾಹಿ ಹಿರಿಯರ ಜೊತೆ ಕೆರೆ ಸುತ್ತಿದೆ. ಅವರು ಒಂದು ಕಡೆ ನಿಂತು, "ಸಾಹೇಬ್ರ, ನೀವು ಗಿಡ ಹಚ್ಚಿದ್ದು ನಮ್ಮ ದಾರ್ಯಾಗ. ಕುರಿ ನೀರಿಗೆ ಇಳಿಯೂದ ಇಲ್ಲಿ" ಅಂದರು. ನನಗೆ ಅದು ಖಾಲಿ ದಂಡೆಯಾಗಿ ಕಂಡಿತ್ತು. ಅವರಿಗೆ ಅದು ಅಜ್ಜನ ಕಾಲದ ಹಾದಿ. ಮುಂದಿನ ವರ್ಷ ಆ ಹಾದಿ ಬಿಟ್ಟು, ಅವರು ತೋರಿಸಿದ ಜಾಗದಲ್ಲಿ ನೆಟ್ಟೆವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಹೊಂಗೆಯನ್ನು ಅದು ಅಷ್ಟಾಗಿ ತಿನ್ನುವುದಿಲ್ಲ. ಹೊರಗಿನ ಸಾಲಿಗೆ ಹೊಂಗೆ ಹಾಕಿ ಅಂದವರೂ ಅವರೇ. ಬೇಲಿಗೆ ಜಾಲಿ ಮುಳ್ಳು ತಂದು ಹಾಕಿದವರು ಅವರ ಮಕ್ಕಳು. ಆ ಗಿಡಗಳು ಉಳಿದವು.

ಹಾಗಾಗಿ ಮೊದಲ ಕೆಲಸ, ಈ ಕೆರೆ ಯಾರ ಯಾರ ಬದುಕಿನಲ್ಲಿದೆ ಅಂತ ಕೂತು ಯೋಚಿಸೋದು. ಕುರಿ, ಆಡು ಕಾಯುವವರು. ನೀರು ಇಳಿದ ಮೇಲೆ ಕೆರೆಯ ಅಂಗಳದಲ್ಲಿ ಬಿತ್ತುವವರು. ಏರಿಯ ಕೆಳಗೆ ನಿಂಬೆ ತೋಟ ಇರುವವರು, ಅವರ ಬಾವಿ, ಬೋರಿನ ನೀರು ಕೆರೆ ತುಂಬಿದ್ದರೆ ಏರುತ್ತದೆ. ಬಟ್ಟೆ ಒಗೆಯಲು ಬರುವ ಹೆಣ್ಣುಮಕ್ಕಳು. ಮೀನಿನ ಗುತ್ತಿಗೆ ಹಿಡಿದವರು ಇದ್ದರೆ ಅವರು. ಪಕ್ಕದ ತಾಂಡಾದವರು. ಹೂಳು ಬೇಕಾದ ರೈತರು, ಹೊಲಕ್ಕೆ ಹೇರಿಕೊಂಡು ಹೋಗಲು ಟ್ರ್ಯಾಕ್ಟರ್ ಇರುವವರು ಮತ್ತು ಇಲ್ಲದವರು. ಇವರಲ್ಲಿ ಎಷ್ಟು ಜನ ನಿಮ್ಮ ಆರು ಜನರ ಗುಂಪಿನ ಮನೆಗಳಿಗೆ ಸೇರಿದವರು? ಒಬ್ಬರೂ ಇಲ್ಲದಿದ್ದರೆ ಗುಂಪನ್ನೇ ಮೊದಲು ದೊಡ್ಡದು ಮಾಡಿ.

ಕಷ್ಟ ಯಾರದ್ದೋ, ಮುಂದಾಳತ್ವವೂ ಅವರದ್ದೇ ಆದರೆ ಏನಾಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ದೇವದಾಸಿ ಪದ್ಧತಿ ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1982ರದ್ದು. ಕಾನೂನು ಬಂದ ಮೇಲೂ ಗುಟ್ಟಾಗಿ ಮುತ್ತು ಕಟ್ಟಿ ಹುಡುಗಿಯರನ್ನು ದೇವರಿಗೆ ಬಿಡುವುದು ನಿಲ್ಲಲಿಲ್ಲ. ತೊಂಬತ್ತರ ದಶಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಆ ಪದ್ಧತಿಯೊಳಗೆ ಸಿಕ್ಕಿ ಹೊರಬಂದ ಹೆಣ್ಣುಮಕ್ಕಳೇ ಸಂಘ ಕಟ್ಟಿದರು. ಘಟಪ್ರಭಾದ ಮಾಸ್ ಸಂಸ್ಥೆ ಅವರದ್ದೇ. ಅಧಿಕಾರಿ ಬಂದು ಹೇಳಿದರೆ ತಾಯಂದಿರು ತಲೆ ತಗ್ಗಿಸಿ ಕೇಳಿ ಕಳಿಸುತ್ತಿದ್ದರು. "ನನಗೂ ಕಟ್ಟಿದ್ದರವ್ವಾ, ನಿನ್ನ ಮಗಳಿಗೆ ಬ್ಯಾಡ" ಅಂತ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕೂತು ಹೇಳಿದರೆ ಆ ಮಾತಿನ ತೂಕವೇ ಬೇರೆ. ನಿಮ್ಮ ಕೆರೆಯ ವಿಷಯದಲ್ಲೂ ಅಷ್ಟೇ. ಆಡು ಕಾಯುವವರಿಗೆ ನೀವು ಹೇಳೋದಕ್ಕಿಂತ ಅವರಲ್ಲೇ ಒಬ್ಬರು ಹೇಳಲಿ.

ಸಭೆ ಎಲ್ಲಿ, ಯಾವಾಗ ಅನ್ನೋದನ್ನು ಎಲ್ಲರೂ ಸಣ್ಣ ವಿಷಯ ಅಂದುಕೊಳ್ಳುತ್ತಾರೆ. ನೀವು ಎಲ್ಲಿ ಕರೆದಿದ್ದಿರಿ ಅಂತ ಬರೆದಿಲ್ಲ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಅಂತ ಅಂದಾಜು ಮಾಡುತ್ತೇನೆ, ಹೆಚ್ಚಿನ ಊರುಗಳಲ್ಲಿ ಹಾಗೇ. ಆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ದೂರ ನಿಲ್ಲುತ್ತಾರೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೂರ ನಿಂತವರು ಮಾತಾಡೋದಿಲ್ಲ. ದಲಿತ ಕೇರಿಯವರ ಮಾತು ಕೇಳಬೇಕಾದರೆ ಕೇರಿಗೇ ಹೋಗಿ ಕೂರಬೇಕು. ಅಲ್ಲಿ ಚಹಾ ಕೊಟ್ಟರೆ ಕುಡಿಯಬೇಕು. ಊರ ದೊಡ್ಡ ಸಭೆ ಆಮೇಲೆ, ಶಾಲೆಯ ಅಂಗಳದಂಥ ಎಲ್ಲರಿಗೂ ಸಮನಾದ ಜಾಗದಲ್ಲಿ, ಎಲ್ಲರೂ ನೆಲದ ಮೇಲೆ ಕೂತು ಆಗಲಿ.

ಹೆಣ್ಣುಮಕ್ಕಳು ಬಾಯಿ ಬಿಡಲಿಲ್ಲ ಅಂದಿರಿ. ಮಾವ, ಮೈದುನ ಎದುರಿಗೆ ಕೂತಿರುವಾಗ ಯಾವ ಸೊಸೆ ಎದ್ದು ಮಾತಾಡುತ್ತಾಳೆ? ಅದೂ ಸಭೆ ಸಂಜೆ ಏಳಕ್ಕೆ, ಒಲೆ ಹೊತ್ತಿಸಿ ರೊಟ್ಟಿ ಬಡಿಯೋ ಹೊತ್ತಿಗೆ ಇದ್ದರೆ? ಅವರು ತಾವೇ ಸೇರುವ ಜಾಗ ಇದೆ. ಸ್ತ್ರೀಶಕ್ತಿ ಸಂಘದ ವಾರದ ಸಭೆ, ಅಂಗನವಾಡಿ. ಅಲ್ಲಿಗೆ ನೀವು ಹೋಗಿ, ಹುಡುಗರನ್ನು ಕರೆದುಕೊಂಡು ಹೋಗಬೇಡಿ. ಕೆರೆಯ ಬಗ್ಗೆ ಭಾಷಣ ಬೇಡ. "ಅಕ್ಕಾರ, ನೀರಿಗೆ ದಿನಾ ಎಷ್ಟು ಹೊತ್ತು ಹೋಗ್ತದ?" ಅಂತ ಒಂದು ಪ್ರಶ್ನೆ ಹಾಕಿ ಸುಮ್ಮನೆ ಕೂತುಕೊಳ್ಳಿ.

ಕಾಲದ ಲೆಕ್ಕವೂ ಇದೆ. ದಸರಾ ಆಸುಪಾಸು ಬಿಳಿಜೋಳ ಬಿತ್ತುವ ಗಡಿಬಿಡಿ. ದೀಪಾವಳಿ ಆದ ಮೇಲೆ ಕಬ್ಬು ಕಡಿಯೋಕೆ ಗ್ಯಾಂಗುಗಳು ಹೊರಡುತ್ತವೆ. ತಾಂಡಾದ ಎಷ್ಟೋ ಮನೆಗಳು ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗಿ ಬಾಗಿಲು ಮುಚ್ಚಿರುತ್ತವೆ. ಆ ತಿಂಗಳಲ್ಲಿ ಸಭೆ ಮಾಡಿ "ತಾಂಡಾದವರು ಬರಲಿಲ್ಲ" ಅನ್ನೋದು ಅನ್ಯಾಯ. ಗುಳೆ ಹೋದವರು ಯಾವ ಹಬ್ಬಕ್ಕೆ, ಯಾವ ಜಾತ್ರೆಗೆ ಊರಿಗೆ ಬರುತ್ತಾರೆ ಅಂತ ಕೇಳಿಕೊಂಡು ಆ ವಾರಕ್ಕೆ ದೊಡ್ಡ ತೀರ್ಮಾನಗಳನ್ನು ಇಟ್ಟುಕೊಳ್ಳಿ. ಕರೆಯೋದು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಆಗಬಾರದು. ಫೋನು ಹೆಚ್ಚಾಗಿ ಗಂಡಸರ ಕಿಸೆಯಲ್ಲಿ ಇರುತ್ತದೆ. ಡಂಗುರ ಸಾರಿಸಿ, ಜೊತೆಗೆ ಮನೆಮನೆಗೆ ಹೋಗಿ ಹೇಳಿ.

ವಿಧಾನದ ಬಗ್ಗೆ ಕೇಳಿದರೆ, ನನ್ನ ಕೈಯಲ್ಲಿ ಯಾವತ್ತೂ ಸೋಲದ ಒಂದನ್ನು ಹೇಳುತ್ತೇನೆ. ನೆಲದ ಮೇಲೆ ಊರ ನಕ್ಷೆ ಬರೆಸೋದು. ಇದು ಗ್ರಾಮೀಣ ಸಹಭಾಗಿತ್ವದ ಸಮೀಕ್ಷೆ ಅನ್ನುವ ಪದ್ಧತಿಯ ಭಾಗ. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಇದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ಎಂಬತ್ತರ ದಶಕದ ಕೊನೆಯಲ್ಲಿ ಇದು ಮೊದಮೊದಲು ಬೆಳೆದ ಜಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಇಲ್ಲಿ ಮೈರಾಡ ಸಂಸ್ಥೆಯವರು ಅದನ್ನು ಹಳ್ಳಿಗಳಲ್ಲಿ ಮಾಡಿ ನೋಡಿ ತಿದ್ದಿದರು. ಬೇಕಾಗುವ ಸಾಮಾನು ರಂಗೋಲಿ ಪುಡಿ, ಇಟ್ಟಿಗೆ ಚೂರು, ಬೂದಿ, ಒಂದಿಷ್ಟು ಜೋಳದ ಕಾಳು. ಅಂಗಳ ಗುಡಿಸಿ, ಒಬ್ಬ ಅವ್ವನ ಕೈಗೆ ರಂಗೋಲಿ ಕೊಟ್ಟು "ಕೆರೆ ಎಲ್ಲಿ ಬರ್ತದ, ತೋರಿಸ್ರಿ" ಅನ್ನಿ. ಅಷ್ಟೇ. ಗೆರೆ ಎಳೆದ ತಕ್ಷಣ ಇನ್ನೊಬ್ಬರು "ಅಲ್ಲ, ಹಳ್ಳ ಈ ಕಡಿಂದ ಬರ್ತದ" ಅಂತ ತಿದ್ದುತ್ತಾರೆ. ಅಕ್ಷರ ಬಾರದವರೂ ಬಗ್ಗಿ ಗೆರೆ ಎಳೆಯುತ್ತಾರೆ. ಹೂಳು ತುಂಬಿದ ಕಾಲುವೆ, ಯಾರೋ ಮುಚ್ಚಿದ ದಾರಿ, ಒಂದು ಕಾಲಕ್ಕೆ ಸಿಹಿನೀರಿದ್ದ ಬಾವಿ, ಎಲ್ಲ ನೆಲದ ಮೇಲೆ ಬರುತ್ತವೆ. ಆಗ ನೀವು ಬರೆದುಕೊಳ್ಳಿ, ನಿಮ್ಮ ಮಾತು ಕಡಿಮೆ ಇರಲಿ. ನಕ್ಷೆಯ ಮೇಲೆ ಪ್ರತಿಯೊಬ್ಬರಿಗೂ ಐದೈದು ಜೋಳದ ಕಾಳು ಕೊಟ್ಟು, ಮೊದಲು ಎಲ್ಲಿ ಕೆಲಸ ಆಗಬೇಕೋ ಅಲ್ಲಿ ಇಡಿ ಅನ್ನಿ. ಕೈ ಎತ್ತಿಸಬೇಡಿ. ಕೈ ಎತ್ತುವಾಗ ಎಲ್ಲರೂ ಗೌಡರ ಮುಖ ನೋಡುತ್ತಾರೆ. ಹೆಣ್ಣುಮಕ್ಕಳು ಬೇರೆ, ಗಂಡಸರು ಬೇರೆ ನಕ್ಷೆ ಬರೆಯಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನು ನೋಡಿದ ಒಂದು ಊರಿನಲ್ಲಿ ಗಂಡಸರ ಕಾಳೆಲ್ಲ ಕೆರೆಯ ಹೂಳಿನ ಮೇಲೆ ಬಿದ್ದಿದ್ದವು, ಹೆಂಗಸರ ಕಾಳೆಲ್ಲ ಕೆರೆಗೆ ಇಳಿಯುವ ಜಾರು ದಾರಿಯ ಮೇಲೆ. ಆ ದಾರಿಗೆ ಹತ್ತು ಮೆಟ್ಟಿಲು ಕಟ್ಟಿಸಿದೆವು. ಮುಂದಿನ ಸಭೆಗೆ ಹೆಂಗಸರು ತಾವೇ ಬಂದು ಮುಂದೆ ಕೂತರು.

ಈ ನಕ್ಷೆಯಲ್ಲಿ ನಿಮ್ಮ ಕೆರೆಗೆ ಕಾಳು ಬೀಳದೇ ಹೋಗಬಹುದು, ತಂಗಿ. ಜನರಿಗೆ ಕೆರೆಗಿಂತ ಸ್ಮಶಾನದ ದಾರಿ ದೊಡ್ಡ ಚಿಂತೆ ಇರಬಹುದು. ಅದನ್ನು ಒಪ್ಪಿಕೊಳ್ಳುವ ಮನಸ್ಸು ಇದ್ದರೆ ಮಾತ್ರ ಕೇಳಲು ಹೋಗಿ.

ಕಾಗದದ ಕೆಲಸವನ್ನೂ ಮರೆಯಬೇಡಿ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ, ಅಂದರೆ ಅಷ್ಟು ಹೊಲಕ್ಕೆ ನೀರುಣಿಸುವ, ಕೆರೆಗಳು ಪಂಚಾಯಿತಿ ಕಡೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ನಿಮ್ಮದು ಯಾವುದು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿ, ಹೂಳಿಗೆ ಕೈ ಹಾಕುವ ಮೊದಲು ಒಪ್ಪಿಗೆ ಪಡೆಯಿರಿ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆಗಳಿಗೆ ಜಾಗ ಇದೆ. ಮೊದಲು ವಾರ್ಡ್ ಸಭೆ, ಅಲ್ಲಿ ಬಂದ ಬೇಡಿಕೆಗಳು ಗ್ರಾಮಸಭೆಗೆ. ನಿಮ್ಮ ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿ ವಾರ್ಡ್ ಸಭೆಗೆ ಒಯ್ಯಿರಿ, ಠರಾವು (ಸಭೆಯ ನಿರ್ಣಯ) ಬರೆಸಿ. ಠರಾವಿನ ಪ್ರತಿ ಇಟ್ಟುಕೊಳ್ಳಿ. ಶಾಲೆಯ ಮಕ್ಕಳಿಗೂ ಮಕ್ಕಳ ಗ್ರಾಮಸಭೆ ಇದೆ. ಕೆರೆಯ ದಾರಿಯಲ್ಲಿ ಬೀದಿದೀಪ ಇಲ್ಲ ಅನ್ನುವಂಥ ಮಾತನ್ನು ಅವರು ದೊಡ್ಡವರಿಗಿಂತ ನೇರವಾಗಿ ಹೇಳುತ್ತಾರೆ. ಮನೆಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ ಕೆಲಸ ನಿಮ್ಮ ಊರಲ್ಲಿ ಆಗಿದ್ದರೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಅಂತ ಒಂದು ಇರಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅನ್ನೋದು ನಿಯಮ. ಅದು ಯಾರ್ಯಾರು ಅಂತ ಕೇಳಿ. ಎಷ್ಟೋ ಕಡೆ ಸಮಿತಿಯಲ್ಲಿ ತಮ್ಮ ಹೆಸರು ಇರೋದು ಆ ಹೆಣ್ಣುಮಕ್ಕಳಿಗೇ ಗೊತ್ತಿರಲ್ಲ. ಅವರಿಗೆ ಮೊದಲು ತಿಳಿಸಿ. ಹೊಸ ಸಮಿತಿ ಕಟ್ಟೋದಕ್ಕಿಂತ ಇರೋದನ್ನು ಎಬ್ಬಿಸೋದು ಸುಲಭ.

ಜಗಳ ಬರುತ್ತದೆ. ಬರಲೇಬೇಕು, ಕೆರೆ ಅಂದಮೇಲೆ ಒತ್ತುವರಿ ಇದ್ದೇ ಇರುತ್ತದೆ. ಇಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ. ಬೇಸಿಗೆಯಲ್ಲಿ ಕೆರೆಯ ಅಂಗಳದಲ್ಲಿ ಅರ್ಧ ಎಕರೆ ಬಿತ್ತುವ ಬಡವನನ್ನೂ, ಕೆರೆಯನ್ನೇ ಒಳಗೆ ಹಾಕಿಕೊಂಡು ತಂತಿ ಬೇಲಿ ಹಾಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯವನ ಜೊತೆ ಊರೇ ಕೂತು ಮಾತಾಡಬಹುದು, ಹೂಳು ಹೊತ್ತು ಹಾಕುವ ಕೂಲಿಯಲ್ಲಿ, ಗಿಡ ಕಾಯುವ ಕೆಲಸದಲ್ಲಿ ಅವನಿಗೆ ಮೊದಲ ಅವಕಾಶ ಕೊಡಬಹುದು. ಎರಡನೆಯದು ಸರ್ವೇ ಮಾಡಿಸಿ ತಹಶೀಲ್ದಾರರು ಬಗೆಹರಿಸಬೇಕಾದ ವಿಷಯ. ಆ ಜಗಳವನ್ನು ಆರು ಜನ ಹುಡುಗ ಹುಡುಗಿಯರು ಮೈಮೇಲೆ ಎಳೆದುಕೊಳ್ಳಬಾರದು. ಗ್ರಾಮಸಭೆಯ ಠರಾವಿನ ಮೂಲಕವೇ ಹೋಗಲಿ, ಆಗ ಅದು ಊರಿನ ಮಾತಾಗುತ್ತದೆ.

ಹೂಳು ಹಂಚುವಾಗಲೂ ಎಚ್ಚರ ಬೇಕು. ಸುಮ್ನೆ ಬಿಟ್ಟರೆ ಟ್ರ್ಯಾಕ್ಟರ್ ಇದ್ದವರ ಹೊಲಕ್ಕೇ ಎಲ್ಲ ಹೋಗುತ್ತದೆ. ಎಕರೆಗೆ ಇಷ್ಟು ಟ್ರಿಪ್, ಸಣ್ಣ ಹಿಡುವಳಿದಾರರಿಗೆ ಮೊದಲು ಅಂತ ಕೆಲಸ ಶುರು ಆಗುವ ಮುಂಚೆ ಸಭೆಯಲ್ಲಿ ಬರೆದಿಡಿ.

ಇನ್ನು, ಜನ ಹೇಳಿದ್ದಕ್ಕೆ ತಿರುಗಿ ಉತ್ತರ ಕೊಡೋದು. ನನ್ನ ಅನುಭವದಲ್ಲಿ ಇದನ್ನು ಮಾಡುವವರು ತೀರಾ ಕಡಿಮೆ. ಪ್ರತಿ ಸಭೆ ಆದ ಎಂಟು ದಿನದೊಳಗೆ ಪಂಚಾಯಿತಿ ಗೋಡೆಯ ಮೇಲೋ ಹಾಲಿನ ಡೇರಿಯ ಗೋಡೆಯ ಮೇಲೋ ಮೂರು ಸಾಲು ಬರೆಯಿರಿ. ನೀವು ಏನು ಹೇಳಿದಿರಿ, ಅದರಲ್ಲಿ ಏನು ಮಾಡಿದೆವು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ. ಓದಲು ಬಾರದವರಿಗೆ ಸಂಘದ ಸಭೆಯಲ್ಲಿ ಓದಿ ಹೇಳಿ. ಹಣ ಬಂದರೆ ಬಂದ ದಿನವೇ ಬರೆಯಿರಿ, ಖರ್ಚನ್ನೂ ಹಾಗೇ. ಡೀಸೆಲ್‌ಗೆ ಎಷ್ಟು, ಜೆಸಿಬಿ ಬಾಡಿಗೆ ಎಷ್ಟು, ಉಳಿದದ್ದು ಯಾರ ಹತ್ತಿರ ಇದೆ. ಆಗದ್ದನ್ನು ಆಗಲಿಲ್ಲ ಅಂತ ಬರೆಯೋದಕ್ಕೆ ಸಂಕೋಚ ಪಡಬೇಡಿ. ಆಗದ ಕೆಲಸವನ್ನು ಜನ ಕ್ಷಮಿಸಿದ್ದನ್ನು ನೋಡಿದ್ದೇನೆ, ಮುಚ್ಚಿಟ್ಟ ಲೆಕ್ಕವನ್ನು ಕ್ಷಮಿಸಿದ್ದನ್ನು ನೋಡಿಲ್ಲ.

ಕೆಲಸ ಮುಗಿದ ಮೇಲೂ ಕೆರೆ ಉಳಿಯಬೇಕಲ್ವಾ? ವಿಜಯಪುರದ ತಾಜ್ ಬಾವಡಿಯನ್ನು ನೋಡಿರುತ್ತೀರಿ. 1620ರ ಸುಮಾರಿಗೆ ಆದಿಲ್‌ಶಾಹಿಗಳು ಕಟ್ಟಿಸಿದ್ದು. ಊರಿಗೆ ನೀರು ಕೊಟ್ಟ ಅಂಥ ಬಾವಿ ನಳದ ನೀರು ಬಂದ ಮೇಲೆ ಕಸ ತುಂಬಿಕೊಂಡು ಕೂತಿತ್ತು. ಕಲ್ಲು ಗಟ್ಟಿಯಾಗೇ ಇತ್ತು, ಬಳಸುವವರು ಇರಲಿಲ್ಲ. ಆದ್ದರಿಂದ ಊರವರಿಗೆ ಕೆರೆಯಲ್ಲಿ ದಿನದ ಕೆಲಸ ಏನಾದರೂ ಇರುವ ಹಾಗೆ ನೋಡಿಕೊಳ್ಳಿ. ದನಕ್ಕೆ ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಸಂಜೆ ಕೂರಲು ಕಟ್ಟೆ. ದಿನಾ ಹೋಗುವವರು ತೂಬು ಸೋರೋದನ್ನು ಮೊದಲು ನೋಡುತ್ತಾರೆ.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತೀರೇನೋ. ಮೂರು ತಿಂಗಳು ಬರೀ ಓಡಾಟಕ್ಕೆ, ಕೂತು ಕೇಳೋದಕ್ಕೆ ಇಟ್ಟುಕೊಳ್ಳಿ. ಈ ಮೂರು ತಿಂಗಳಲ್ಲಿ ಸಭೆ ಕರೆಯಬೇಡಿ, ಸಸಿ ತರಬೇಡಿ. ನಿಮ್ಮ ಗೆಳೆಯರಿಗೆ ಬೇಸರ ಬರಬಹುದು, ಅವರಿಗೆ ಓಣಿಗೊಬ್ಬರಂತೆ ಕೆಲಸ ಹಂಚಿ. ಮೂರನೇ ಸಭೆಗೂ ಬಂದ ಆ ಮೂವರ ಮನೆಗೆ ಮೊದಲು ಹೋಗಿ, ಅವರು ನಿಮಗೆ ಆಸ್ತಿ ಇದ್ದ ಹಾಗೆ. ಮೊದಲ ದಿನ ಬಂದು ಆಮೇಲೆ ಬಾರದವರಲ್ಲಿ ಐದು ಜನರನ್ನಾದರೂ ಹುಡುಕಿ, ಸಿಟ್ಟಿಲ್ಲದೆ "ಯಾಕ್ ಬರಲಿಲ್ರೀ ಕಾಕಾ?" ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಡು ಕಾಯುವವರ ಹತ್ತಿರ ಒಂದು ಬೆಳಿಗ್ಗೆ ಹೋಗಿ. ಅವರು ಆಡು ಬಿಡುವ ಹೊತ್ತಿಗೆ ಹೋಗಿ, ಬುತ್ತಿ ಕಟ್ಟಿಕೊಂಡು, ಅವರ ಜೊತೆಗೇ ಇಡೀ ಕೆರೆ ಸುತ್ತಿ ಬನ್ನಿ. ಅವರು ಎಲ್ಲಿ ನಿಂತು ಏನು ತೋರಿಸಿದರು ಅಂತ ನನಗೂ ಬರೆಯಿರಿ.